ಭಾಂಡುಪ್‌ನ ನಾಗೇಶಿ, ಡಂಡಿಯ ಮೀನವ್ವ

ನಮ್ಮ ಮನೆಯಲ್ಲಿ ಇಂದ್ರಾಬಾಯಿ ಪಾತ್ರೆ ತೊಳೆಯುತ್ತಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಅವಳ ಬಗ್ಗೆ ಮಾತು ತೆಗೆದವರೆಲ್ಲ "ಪಾಪ, ಮನೆಗೆಲಸ ಮಾಡಿಕೊಂಡಿದ್ದರೂ..." ಎಂದೇ ಶುರು ಮಾಡುತ್ತಾರೆ. ಆ "ಪಾಪ" ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇಂದ್ರಾಬಾಯಿಯನ್ನು ನೋಡಿ ಪಾಪ ಅನ್ನುವವರು ಅವಳು ದಪ್ಪು ಬಾರಿಸುತ್ತ ಹಾಡುವಾಗ ಒಮ್ಮೆ ಎದುರು ನಿಲ್ಲಲಿ, ಆಮೇಲೆ ಮಾತಾಡೋಣ.

ನಾನು ಶಾಮಲಾ. ಮೈಸೂರಿನವಳು. ಮದುವೆಯಾದ ಮೇಲೆ ಮುಂಬಯಿಯ ಭಾಂಡುಪ್‌ಗೆ ಬಂದವಳು ಇಲ್ಲೇ ತಲೆ ನರೆಸಿಕೊಂಡೆ. ನನ್ನ ಗಂಡ ತಿರುಮಲೇಶ್ ಇಲ್ಲಿಯ ಒಂದು ಯಂತ್ರದ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದರು. ಆ ಕಾರ್ಖಾನೆ ಮುಚ್ಚಿತು, ಅದರ ಜಾಗದಲ್ಲಿ ದೊಡ್ಡ ಟವರ್ ಎದ್ದಿತು, ಇವರು ರಿಟೈರ್ ಆದರು. ಇಷ್ಟೇ ಆಗಿದ್ದರೆ ತೊಂದರೆ ಇರಲಿಲ್ಲ. ಆದರೆ ಪ್ರಾಯದಲ್ಲಿ ಕಂಪನಿಯವರು ಇವರನ್ನು ತರಬೇತಿಗೆಂದು ಕೆಲವು ತಿಂಗಳು ಗ್ಲಾಸ್ಗೋಗೆ ಕಳಿಸಿದ್ದರು. ಹೋದವರು ಬಂದರು, ಸ್ಕಾಟ್‌ಲ್ಯಾಂಡ್ ಮಾತ್ರ ಇವರ ಬಾಯಿಂದ ವಾಪಸು ಹೋಗಲಿಲ್ಲ.

ಬೆಳಿಗ್ಗೆ ಕುಕ್ಕರ್ ಕೂಗಿದರೆ, "ನೋಡೇ, ಈ ಉಗಿಯನ್ನ ಸರಿಯಾಗಿ ದುಡಿಸೋದು ಹೇಗೇಂತ ಹೇಳಿಕೊಟ್ಟೋನು ಸ್ಕಾಟ್‌ಲ್ಯಾಂಡಿನ ಜೇಮ್ಸ್ ವಾಟ್" ಅನ್ನುತ್ತಾರೆ. ಫೋನ್ ಬಂದರೆ ಗ್ರಹಾಂ ಬೆಲ್, ಎಡಿನ್‌ಬರೋದಲ್ಲಿ ಹುಟ್ಟಿದವನು. ಟಿವಿ ಹಾಕಿದರೆ ಲೋಗಿ ಬೇರ್ಡ್. ಆಟೋ ಪಂಕ್ಚರ್ ಆದರೆ ಡನ್‌ಲಪ್. ರಸ್ತೆ ಅಗೆದರೆ ಮೆಕ್ಯಾಡಮ್. ನನ್ನ ಆಪರೇಷನ್ನಿಗೆ ಅರಿವಳಿಕೆ ಕೊಡುವ ಮುಂಚೆ ಕೂಡ ಡಾಕ್ಟರ ಹತ್ತಿರ ಕ್ಲೋರೋಫಾರ್ಮ್ ಸಿಂಪ್ಸನ್ನನ ಕಥೆ ಬಿಚ್ಚಿದ್ದರು. ನಾನು ಸ್ಟ್ರೆಚರಿನ ಮೇಲೆ ಮಲಗಿ ಹಲ್ಲು ಕಡಿಯುತ್ತಿದ್ದೆ.

ಮನೆಯಲ್ಲಿ ಕೇಳುವವರು ಯಾರೂ ಇಲ್ಲವಾದ ಮೇಲೆ ಇವರು ಸಂಜೆ ಕೆಳಗಿಳಿದು ವಾಚ್‌ಮನ್ ಕಾಶಪ್ಪನ ಪಕ್ಕ ಕುರ್ಚಿ ಹಾಕಿಕೊಂಡು ಕೂರತೊಡಗಿದರು. ಕಾಶಪ್ಪ ಕಲಬುರ್ಗಿ ಕಡೆಯವನು. ಗೇಟು ತೆಗೆಯುತ್ತ ಮುಚ್ಚುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಇವರಿಗೆ ಸ್ವರ್ಗ ಸಿಕ್ಕಿದ ಹಾಗಾಯಿತು. ಅವನು ಯಾಕೆ ಅಷ್ಟು ಶ್ರದ್ಧೆಯಿಂದ ಕೇಳುತ್ತಿದ್ದಾನೆ ಎಂದು ಇವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಈಗ ಇಂದ್ರಾಬಾಯಿಯ ವಿಷಯಕ್ಕೆ ಬರುತ್ತೇನೆ. ಅವಳ ತಾಯಿ ದಾನವ್ವ ಚಿತ್ತಾಪುರದ ಕಡೆಯಿಂದ ಗೌಂಡಿಗಳ ಗುಂಪಿನ ಜೊತೆ ಮುಂಬಯಿಗೆ ಬಂದವಳು. ಭಾಂಡುಪ್, ಮುಲುಂಡ್ ಕಡೆಯ ಎಷ್ಟೋ ಬಿಲ್ಡಿಂಗುಗಳ ಸಿಮೆಂಟು ಅವಳ ತಲೆಯ ಮೇಲಿಂದ ಹತ್ತಿ ಹೋದದ್ದು. ಇಂದ್ರಾಬಾಯಿ ಇಲ್ಲಿಯೇ, ಗುಡ್ಡದ ಮೇಲಿನ ಚಾಳಿನಲ್ಲಿ ಬೆಳೆದಳು. ಶಾಲೆಗೆ ಹೋಗಿದ್ದು ಅಷ್ಟಕ್ಕಷ್ಟೆ. ತರಕಾರಿಯವನ ಹತ್ತಿರ ಮರಾಠಿ, ಲಿಫ್ಟಿನವನ ಹತ್ತಿರ ಹಿಂದಿ, ನನ್ನ ಹತ್ತಿರ ಅವಳ ಸೀಮೆಯ ಕನ್ನಡ. ಮೊದಮೊದಲು ಆ ಕನ್ನಡ ನನಗೆ ಅರ್ಧ ಮಾತ್ರ ತಿಳಿಯುತ್ತಿತ್ತು. ನನ್ನ ಕನ್ನಡ ಅವಳಿಗೆ ಪೂರಾ ತಿಳಿಯುತ್ತಿತ್ತು, ಆದರೆ ನಗು ಬರುತ್ತಿತ್ತು.

ಹರಕಲು ಸೀರೆ ಕೊಟ್ಟರೆ ತೆಗೆದುಕೊಳ್ಳುವವಳಲ್ಲ. "ನಿಮಗ ಬ್ಯಾಡಾದದ್ದು ನನಗ್ಯಾಕ್ರಿ ಅಮ್ಮಾರ" ಎಂದು ಮುಖಕ್ಕೆ ಹೇಳಿಬಿಡುತ್ತಾಳೆ. ಮದುವೆಯಾದದ್ದು ಮರೆಪ್ಪ ಎನ್ನುವವನನ್ನು. ಅವನು ಸೂರತ್ತಿನಲ್ಲಿ ಕೆಲಸ ಸಿಕ್ಕಿದೆ ಎಂದು ಹೋದವನು ಹೋದ. ಅವಳು ಆಗ ಬಸುರಿ. ಹುಟ್ಟಿದ ಮಗಳು ಸಪ್ನಾ ಈಗ ಮುಲುಂಡಿನ ಒಂದು ಮಾಲಿನಲ್ಲಿ ಬಿಲ್ ಮಾಡುತ್ತಾಳೆ. ಮಗಳನ್ನು ಆ ಮಟ್ಟಕ್ಕೆ ತಂದದ್ದರ ಬಗ್ಗೆ ಇಂದ್ರಾಬಾಯಿ ಒಂದು ದಿನವೂ ಹೇಳಿಕೊಂಡಿಲ್ಲ. ಹೇಳಿಕೊಳ್ಳುವುದು ಒಂದೇ ವಿಷಯ: "ನಮ್ಮವ್ವ ನಾಗೇಶಿ ಹಾಡ್ತಿದ್ಲ್ರಿ. ನಾನೂ ನಾಗೇಶಿ."

ನಾಗೇಶಿ ಅಂದರೇನೆಂದು ನನಗೆ ಅವಳೇ ತಿಳಿಸಿ ಹೇಳಿದಳು. ಅವರ ಕಡೆಯ ಗೀಗೀ ಪದದಲ್ಲಿ ಎರಡು ಪಕ್ಷ. ಗಂಡಸರ ಮೇಳಕ್ಕೆ ಹರದೇಶಿ ಎಂದು ಹೆಸರು, ಲೋಕದಲ್ಲಿ ಗಂಡೇ ದೊಡ್ಡದು ಎಂದು ಅದು ಹಾಡುತ್ತದೆ. ಹೆಂಗಸರ ಮೇಳ ನಾಗೇಶಿ, ಹೆಣ್ಣೇ ದೊಡ್ಡದು ಎಂದು ಅದು ತಿರುಗಿ ಕೊಡುತ್ತದೆ. ಕೈಯಲ್ಲಿ ಚರ್ಮ ಬಿಗಿದ ದಪ್ಪು, ಹಿಂದೆ ತಾಳ, ಒಂದೇ ತಂತಿಯ ತುಂತುಣಿ, "ಗೀಯ ಗೀಯ" ಎಂದು ಸೊಲ್ಲು ಹೇಳುವವರು. ಒಬ್ಬರು ಪದದಲ್ಲೇ ಸವಾಲು ಹಾಕಬೇಕು, ಇನ್ನೊಬ್ಬರು ಪದದಲ್ಲೇ ಜವಾಬು ಹೇಳಬೇಕು. ಗುಡ್ಡದ ಚಾಳಿನವರ ಸಂಘದಲ್ಲಿ ಪ್ರತಿ ಬಸವ ಜಯಂತಿಗೆ ಇದು ನಡೆಯುತ್ತದೆ. ಹರದೇಶಿಯ ಮುಂದಾಳು ನಮ್ಮ ವಾಚ್‌ಮನ್ ಕಾಶಪ್ಪ. ನಾಗೇಶಿಯ ಮುಂದಾಳು ನಮ್ಮ ಇಂದ್ರಾಬಾಯಿ. ಅವಳು ಬಾರಿಸುವುದು ತಾಯಿ ದಾನವ್ವ ಬಾರಿಸುತ್ತಿದ್ದ ಅದೇ ದಪ್ಪನ್ನು.

ಅವರ ಒಂದು ಕಟ್ಟಳೆ ಇದೆ. ಹರದೇಶಿಯವರು ತಾವು ಯಾವ ವಸ್ತುವಿನ ಮೇಲೆ ಹಾಡುತ್ತೇವೆಂದು ಹಬ್ಬಕ್ಕೆ ಮುಂಚೆಯೇ ಸಾರಬೇಕು. ನಾಗೇಶಿಯ ಜವಾಬು ಅದೇ ಸೀಮೆಯಿಂದ ಬರಬೇಕು. ಸವಾಲು ರಾಮಾಯಣದ್ದಾದರೆ ಜವಾಬೂ ರಾಮಾಯಣದ್ದೇ, ಭಾರತದ್ದಾದರೆ ಭಾರತದ್ದೇ. ಅಲ್ಲಿಂದ ಕೇಳಿ ಇಲ್ಲಿಂದ ಹೇಳುವ ಹಾಗಿಲ್ಲ.

ಆ ವರ್ಷ ಒಂದು ದಿನ ಬೆಳಿಗ್ಗೆ ಇಂದ್ರಾಬಾಯಿ ಬಂದವಳೇ ಪಾತ್ರೆಗಳನ್ನು ಧಡಧಡ ಸಿಂಕಿಗೆ ಎತ್ತಿಹಾಕಿದಳು. ನಾನು ಅಡುಗೆಮನೆಗೆ ಹೋಗಿ, "ಏನೇ, ಯಾರ ಮೇಲೆ ಸಿಟ್ಟು?" ಎಂದೆ.

"ನಿಮ್ಮ ಸಾಹೇಬರ ಮ್ಯಾಲ್ರಿ."

"ಅವರೇನು ಮಾಡಿದ್ರು?"

"ಆ ಕಾಶಪ್ಪ ಈ ಸಲ ಸ್ಕಾಟ್‌ಲ್ಯಾಂಡ್ ಹಾಡ್ತಾನಂತ. ಮೀಟಿಂಗಿನ್ಯಾಗ ಸಾರಿ ಬಿಟ್ಟಾನ. ಸೀತಾ ಅನ್ನು, ದ್ರೌಪದಿ ಅನ್ನು, ಅಕ್ಕಮಹಾದೇವಿ ಅನ್ನು, ಯಾರನ್ನ ಕೇಳಿದ್ರೂ ನನ್ನ ಬಾಯಾಗ ಅದಾರ. ಸ್ಕಾಟ್‌ಲ್ಯಾಂಡಿಂದ ಹೆಣ್ಣು ಎಲ್ಲಿಂದ ತರ್ಲಿರಿ?"

ನನಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ. ಕೈ ಒರೆಸಿಕೊಂಡು ಉಳಿದದ್ದನ್ನೂ ಹೇಳಿದಳು. ಸಂಘದ ಅಧ್ಯಕ್ಷ ಶರಣಬಸಪ್ಪ ಈಗ ಕಾರ್ಯಕ್ರಮಕ್ಕೆ ಆರ್ಕೆಸ್ಟ್ರಾ ತರಿಸುತ್ತಿದ್ದಾನೆ, ಹುಡುಗರಿಗೆ ಅದೇ ಬೇಕಂತೆ. ಗೀಗೀಗೆ ಸಮಯವಿಲ್ಲ. ಮುಂದಿನ ವರ್ಷದಿಂದ ಒಂದೇ ಮೇಳ, ಒಂದೆರಡು ಪದ, ಅಷ್ಟೇ. ಈ ಸಲ ಯಾರು ಸೋಲುತ್ತಾರೋ ಆ ಮೇಳಕ್ಕೆ ಇನ್ನು ಮೇಲೆ ಕರೆಯಿಲ್ಲ. ಭಾಂಡುಪ್‌ನಲ್ಲಿ ನಾಗೇಶಿ ಹಾಡಲು ಉಳಿದಿರುವುದು ಇವಳದೊಂದೇ ಮೇಳ.

"ನಾ ಸೋತ್ರ ಅವ್ವನ ದಪ್ಪು ಗೂಟಕ್ಕ ಹೋಗ್ತದ್ರಿ" ಎಂದಳು. ಅಳಲಿಲ್ಲ, ನಲ್ಲಿ ತಿರುಗಿಸಿ ಕೆಲಸ ಶುರು ಮಾಡಿದಳು. ಆದರೆ ಆ ಮಾತನ್ನು ಅವಳು ಹೇಳಿದ ರೀತಿ ನೋಡಿ ನನ್ನ ನಗು ಅಲ್ಲೇ ಆರಿಹೋಯಿತು.

ನಾನು ನೆಟ್ಟಗೆ ಹಾಲಿಗೆ ಹೋದೆ. ಇವರು ಪೇಪರ್ ಹಿಡಿದುಕೊಂಡಿದ್ದರು. "ಏನ್ರೀ, ನಿಮ್ಮ ಸ್ಕಾಟ್‌ಲ್ಯಾಂಡಿನಲ್ಲಿ ಹೆಂಗಸರು ಇದ್ದರೋ ಇಲ್ಲವೋ?"

"ಇದೆಂಥ ಪ್ರಶ್ನೆ? ಇದ್ದೇ ಇರ್ತಾರೆ."

"ಹಾಗಾದರೆ ಒಬ್ಬಳ ಹೆಸರು ಹೇಳಿ."

ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಸಂಸಾರ ಶುರುವಾದಾಗಿನಿಂದ ನನ್ನ ಕಿವಿ ತೂತಾಗುವಷ್ಟು ಗಂಡಸರ ಹೆಸರು ಹೇಳಿದ ಬಾಯಿ, ಆವತ್ತು ಒಂದು ಹೆಣ್ಣಿನ ಹೆಸರನ್ನೂ ಹೊರಡಿಸಲಿಲ್ಲ. ಅಷ್ಟರಲ್ಲಿ ಇಂದ್ರಾಬಾಯಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ಅವರೆಲ್ಲರನ್ನ ಹಡೆದಾಕಿ ಒಬ್ಬಾಕಿ ಇರ್ಬೇಕಲ್ರಿ ಸಾಹೇಬ್ರ" ಎಂದಳು. ನನ್ನ ಗಂಡನ ಮುಖ ನೋಡಬೇಕಿತ್ತು.

ಇವರಿಗೆ ಅದು ಚೆನ್ನಾಗಿ ನಾಟಿತು. ಆ ದಿನದಿಂದ ಕೆಳಗಿಳಿಯುವುದನ್ನೇ ಬಿಟ್ಟು ಪುಸ್ತಕ, ಲ್ಯಾಪ್‌ಟಾಪ್ ಮುಂದೆ ಕೂತರು. ಮೊದಲು ಮೇರಿ ಸಾಮರ್‌ವಿಲ್ ಎಂಬಾಕೆಯನ್ನು ತಂದರು. ತಾನೇ ಕಲಿತು ಗಣಿತದಲ್ಲಿ, ಖಗೋಳ ಶಾಸ್ತ್ರದಲ್ಲಿ ದೊಡ್ಡ ಗ್ರಂಥ ಬರೆದ ವಿದ್ವಾಂಸೆ. ಇವರು ಎದ್ದು ನಿಂತು ಕಾಲೇಜಿನಲ್ಲಿ ಪಾಠ ಮಾಡಿದ ಹಾಗೆ ಹೇಳಿದರು. ಇಂದ್ರಾಬಾಯಿ ನೆಲ ಒರೆಸುತ್ತ ಕೇಳಿದಳು.

"ಭಾಳ ಶ್ಯಾಣೇ ಹೆಣ್ಮಗಳ್ರಿ. ಆದ್ರ ಪದಕ್ಕ ಬರಂಗಿಲ್ಲ."

"ಯಾಕಮ್ಮ?" ಇವರಿಗೆ ಸಂಕಟ.

"ಚಾಳಿನಾಗಿನ ಹೆಣ್ಮಕ್ಕಳು ಕೇಳಿ ಏನಂತಾರ, ಆಕಿ ಸಾಹೇಬರ ಮನ್ಯಾಗ ಹುಟ್ಟಿದ್ಲು ಓದಿದ್ಲು ಅಂತಾರ. ನಮ್ಮಂಥಾಕಿ ಒಬ್ಬಾಕಿ ಬೇಕ್ರಿ."

ಎರಡು ದಿನ ಬಿಟ್ಟು ಇವರು ಮತ್ತೆ ಅಡುಗೆಮನೆಯ ಬಾಗಿಲಿಗೆ ಬಂದರು. ದನಿಯಲ್ಲಿ ಮೊದಲಿನ ಗತ್ತು ಇರಲಿಲ್ಲ. "ಒಬ್ಬಳು ಸಿಕ್ಕಿದಾಳೆ ಇಂದ್ರಾಬಾಯಿ. ವಿಲಿಯಮೀನಾ ಫ್ಲೆಮಿಂಗ್. ಸ್ಕಾಟ್‌ಲ್ಯಾಂಡಿನ ಡಂಡಿ ಅನ್ನೋ ಊರು. ಗಂಡನ ಜೊತೆ ಹಡಗು ಹತ್ತಿ ಅಮೆರಿಕಕ್ಕೆ ಹೋದಳು. ಅಲ್ಲಿ ಗಂಡ ಬಿಟ್ಟುಹೋದ. ಆಗ ಅವಳಿಗೆ..."

"ಬಸುರೇನ್ರಿ?"

"ಹೌದು."

ಅವಳು ನಲ್ಲಿ ನಿಲ್ಲಿಸಿದಳು. ನಮ್ಮ ಮನೆಯಲ್ಲಿ ಅವಳು ಕೆಲಸದ ನಡುವೆ ನಲ್ಲಿ ನಿಲ್ಲಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. "ಮುಂದ?"

"ಮುಂದೆ ಒಬ್ಬ ಖಗೋಳ ವಿಜ್ಞಾನಿಯ ಮನೆಯಲ್ಲಿ ಕೆಲಸದವಳಾಗಿ ಸೇರಿದಳು. ಪಿಕರಿಂಗ್ ಅಂತ. ನಕ್ಷತ್ರ ನೋಡೋ ಒಂದು ದೊಡ್ಡ ಕೇಂದ್ರದ ಮುಖ್ಯಸ್ಥ. ಅಲ್ಲಿ ಕೆಲಸ ಮಾಡೋ ಗಂಡಸರ ಮೇಲೆ ಅವನಿಗೆ ಸಿಟ್ಟು ಬಂದು, ನಿಮಗಿಂತ ನನ್ನ ಮನೆ ಕೆಲಸದವಳೇ ಚೆನ್ನಾಗಿ ಮಾಡ್ತಾಳೆ ಅಂದನಂತೆ. ಅಂದನೋ ಇಲ್ಲವೋ, ಜನ ಹಾಗೆ ಹೇಳ್ತಾರೆ. ಅವಳನ್ನ ಕರೆದು ಕೆಲಸ ಕೊಟ್ಟಿದ್ದಂತೂ ನಿಜ. ಆಕಾಶದ ಫೋಟೋ ತೆಗೆದ ಗಾಜಿನ ಹಲಗೆಗಳನ್ನ ನೋಡಿ ನೋಡಿ, ಹತ್ತು ಸಾವಿರಕ್ಕಿಂತ ಹೆಚ್ಚು ನಕ್ಷತ್ರಗಳನ್ನ ಜಾತಿ ಪ್ರಕಾರ ವಿಂಗಡಿಸಿದಳು. ಕುದುರೆಯ ಮುಖದ ಹಾಗಿರೋ ಒಂದು ಕಪ್ಪು ಮೋಡ ಇದೆ ಆಕಾಶದಲ್ಲಿ, ಅದನ್ನ ಮೊದಲು ಗುರುತಿಸಿದ್ದೂ ಅವಳೇ."

ಇಂದ್ರಾಬಾಯಿ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು. ಆಮೇಲೆ ಕೇಳಿದ್ದು ನಕ್ಷತ್ರದ ಬಗ್ಗೆಯಲ್ಲ. "ಆಕಿ ಕೂಸು ಏನಾತ್ರಿ?"

"ಗಂಡು ಮಗು. ಓದಿ ಎಂಜಿನಿಯರ್ ಆದ."

"ಈಕಿ ನನ್ನಾಕಿ" ಎಂದು ನಲ್ಲಿ ಬಿಟ್ಟಳು.

ಪದ ಕಟ್ಟುವುದನ್ನು ನಾನು ಕಿವಿಯಾರೆ ಕೇಳಿದೆ. ಅವಳಿಗೆ ಬರೆಯಲು ಬಾರದು, ಬೇಕಾಗಿಯೂ ಇಲ್ಲ. ತವಾ ತಿಕ್ಕುವಾಗ ಆ ಗರಗರಕ್ಕೆ ಒಂದು ನುಡಿ ಕೂರಿಸುತ್ತಾಳೆ. ನಡುವೆ ತಿಕ್ಕುವ ಕೈ ಎಡವಿತೋ, ಆ ಮಾತು ಪದದಲ್ಲಿ ನಿಲ್ಲುವುದಿಲ್ಲ ಎಂದು ಲೆಕ್ಕ. ತೆಗೆದು ಬೇರೆ ಮಾತು ಹಾಕುತ್ತಾಳೆ. ಆ ದಿನಗಳಲ್ಲಿ ನನ್ನ ತವಾ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ವಿಲಿಯಮೀನಾ ಎಂಬ ಹೆಸರು ಎಷ್ಟು ತಿಕ್ಕಿದರೂ ಕೂರಲಿಲ್ಲ. ಕೊನೆಗೆ ಮೀನವ್ವ ಎಂದಳು. ನನ್ನ ಗಂಡ ಗಾಬರಿಯಾಗಿ ಹೋಗಿ ಹುಡುಕಿದರೆ, ಆಪ್ತರು ಆಕೆಯನ್ನು ಮೀನಾ ಎಂದೇ ಕರೆಯುತ್ತಿದ್ದರಂತೆ. "ಮತ್ತ?" ಎಂದಳು ಇಂದ್ರಾಬಾಯಿ, ಅದರಲ್ಲಿ ಆಶ್ಚರ್ಯಪಡುವುದು ಏನಿದೆ ಎನ್ನುವಂತೆ.

ಬಸವ ಜಯಂತಿಯ ಕಾರ್ಯಕ್ರಮ ಒಂದು ಭಾನುವಾರ ಮಧ್ಯಾಹ್ನ ಇತ್ತು. ಆವತ್ತು ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತ ಇವರು ತಣ್ಣಗೆ ಹೇಳಿದರು: "ಆ ಕುದುರೆ ಮುಖದ ಮೋಡ ಇದೆಯಲ್ಲ, ಮೊದಲು ಗ್ರಂಥದಲ್ಲಿ ಅಚ್ಚಾದಾಗ ಪಿಕರಿಂಗ್ ಹೆಸರಲ್ಲೇ ಬಂತಂತೆ. ಇವಳ ಹೆಸರೇ ಇರಲಿಲ್ಲ. ಆಮೇಲೆ ಮುಂದಿನ ಭಾಗದಲ್ಲಿ ಅವಳಿಗೆ, ಅವಳ ಜೊತೆಯ ಹೆಂಗಸರಿಗೆ, ಅವರವರ ಹೆಸರು ಸಿಕ್ಕಿತು. ಸ್ವಾರಸ್ಯ ಅಲ್ವಾ? ನಿನ್ನೆ ಹಾಲು ತರಲು ಇಳಿದಾಗ ಕಾಶಪ್ಪನಿಗೂ ಹೇಳಿದೆ."

ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ಏನು ಹೇಳಿದಿರಿ?"

"ಹೆಸರು ಯಜಮಾನನದೇ ಬಂತು ಅಂತ. ತಿದ್ದಿದ ವಿಷಯ ಹೇಳೋ ಅಷ್ಟರಲ್ಲಿ ಗೇಟಿಗೆ ಕಾರು ಬಂತು. ಪಾಪ, ಬಹಳ ಆಸಕ್ತಿಯಿಂದ ಕೇಳಿದ."

"ಆಸಕ್ತಿಯಿಂದ ಕೇಳದೆ ಇರ್ತಾನಾ? ನಿಮ್ಮ ಬಾಯಿಗಿಷ್ಟು ಬೀಗ ಹಾಕ. ಎದುರಾಳಿಯ ಕೈಗೆ ನೀವೇ ಕತ್ತಿ ಕೊಟ್ಟು ಬಂದಿದ್ದೀರಲ್ರೀ." ಇನ್ನೂ ಏನೇನೋ ಅಂದೆ, ಅದೆಲ್ಲ ಇಲ್ಲಿ ಬೇಡ. ಅರ್ಧ ಉಪ್ಪಿಟ್ಟು ತಟ್ಟೆಯಲ್ಲೇ ಉಳಿಯಿತು.

ಗುಡ್ಡ ಹತ್ತುವಾಗ ದಾರಿಯಲ್ಲೇ ಇಂದ್ರಾಬಾಯಿಗೆ ಎಲ್ಲ ಹೇಳಿಬಿಟ್ಟೆ, ಮೊದಲು ಹೆಸರು ತಪ್ಪಿದ್ದು, ಆಮೇಲೆ ತಿದ್ದಿದ್ದು, ಕಾಶಪ್ಪನಿಗೆ ಸುದ್ದಿ ಹೋದದ್ದು. ಹೊಸ ಪದ ಕಟ್ಟಲು ಅವಳಿಗೆ ತವಾನೂ ಇಲ್ಲ, ಹೊತ್ತೂ ಇಲ್ಲ. "ಹೌದೇನ್ರಿ" ಎಂದಳು, ಅಷ್ಟೇ. ದಪ್ಪನ್ನು ಸೆರಗಿನಲ್ಲಿ ಸುತ್ತಿಕೊಂಡು ಮೆಟ್ಟಿಲು ಹತ್ತತೊಡಗಿದಳು. ಹಿಂದಿನಿಂದ ಸಪ್ನಾ, "ಆಂಟಿ, ಆಯೀ ಸೋತ್ರೆ ಕ್ಯಾ ಹೋಗಾ? ಅವಳು ಒಂದ್ ಮಹಿನಾದಿಂದ ನೀಂದ್ ಮಾಡಿಲ್ಲ" ಎಂದು ಪಿಸುಗುಟ್ಟಿದಳು. ಆ ಹುಡುಗಿಯ ಕನ್ನಡ ಅಷ್ಟೇ. ಅದರೊಳಗಿನ ಭಯ ಮಾತ್ರ ನನಗೆ ಪೂರಾ ತಿಳಿಯಿತು, ಏಕೆಂದರೆ ಅದೇ ಭಯ ನನಗೂ ಇತ್ತು.

ಚಾಳಿನ ನಡುವಿನ ಅಂಗಳಕ್ಕೆ ಪೆಂಡಾಲು ಹಾಕಿದ್ದರು. ಬಿಸಿಲಿಗೆ ತಗಡು ಕಾದಿತ್ತು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ಹುಡುಗರು ಆರ್ಕೆಸ್ಟ್ರಾದ ಸ್ಪೀಕರಿನ ಹತ್ತಿರ. ಶರಣಬಸಪ್ಪ ಬಿಳಿ ಅಂಗಿ ತೊಟ್ಟು ಮೈಕು ಹಿಡಿದು, ಸೋತ ಮೇಳಕ್ಕೆ ಮುಂದೆ ಕರೆಯಿಲ್ಲ ಎಂಬುದನ್ನು ಇನ್ನೊಮ್ಮೆ ಸಾರಿದ. ಮೊದಲು ಹರದೇಶಿಯವರಿಂದ ಬಸವಣ್ಣನ ಪದ ಆಯಿತು, ಆಮೇಲೆ ಸವಾಲು. ಕಾಶಪ್ಪ ವಾಚ್‌ಮನ್ ಟೋಪಿ ಬಿಟ್ಟು ಕೇಸರಿ ಪಟಕಾ ಸುತ್ತಿದ್ದ. ಗೇಟಿನ ಹತ್ತಿರ ಸಲಾಮು ಹೊಡೆಯುವ ಮನುಷ್ಯ ಇವನೇನಾ ಎನಿಸಿತು. ಗಂಟಲು ಬಿಟ್ಟು ಹಾಡಿದ:

"ಕುದಿಯೊ ನೀರಿನ ಉಗಿಯ ಹಿಡಿದು ಗಾಲಿ ತಿರುವಿದಾವ ಗಂಡಸು
ಕಾಣದವರ ಮಾತ ತಂದು ಕಿವಿಗೆ ಹಚ್ಚಿದಾವ ಗಂಡಸು
ಕಲ್ಲ ಕುಟ್ಟಿ ಸಡಕ ಹಾಸಿ, ರಬ್ಬರಿನಾಗ ಗಾಳಿ ತುಂಬಿ
ಲೋಕ ನಡೆಸಿದವರ ನಡುವೆ ನಿನ್ನ ಹೆಣ್ಣು ಎಲ್ಲಿ ತಂಗಿ?"

"ಗೀಯ ಗೀಯ" ಎಂದು ಗಂಡಸರ ಕಡೆ ಎದ್ದೇ ನಿಂತಿತು. ನನ್ನ ಪಕ್ಕದಲ್ಲಿ ನನ್ನ ಗಂಡ ತೊಡೆ ತಟ್ಟಿ ತಾಳ ಹಾಕುತ್ತಿದ್ದರು. ನಾನು ನೋಡಿದೆ. ಕೈ ನಿಂತಿತು.

ಇಂದ್ರಾಬಾಯಿ ಎದ್ದಳು. ಹಿಂದೆ ಸೊಲ್ಲು ಹೇಳಲು ನಾಗರತ್ನಾ, ಶಿವಕುಮಾರಿ, ಇಬ್ಬರೂ ನಮ್ಮ ಪಕ್ಕದ ಬಿಲ್ಡಿಂಗಿನಲ್ಲಿ ಕೆಲಸ ಮಾಡುವವರೇ. ದಪ್ಪಿಗೆ ಒಂದು ಪೆಟ್ಟು ಕೊಟ್ಟು ಶುರು ಮಾಡಿದಳು:

"ಕಡಲ ದಾಟಿ ಕರ್ಕೊಂಡ್ಹೋದ ಗಂಡ ಕೈಯ ಬಿಟ್ಟ
ಹೊಟ್ಟಿಯೊಳಗ ಕೂಸ ಇಟ್ಟು ಹೇಳದೇನೆ ಹೊಂಟ
ಮಂದಿ ಮನಿಯ ನೆಲವ ಒರೆಸಿ ಮೀನವ್ವ ನಿಂತಾಳ
ನೆಲವ ನೋಡೊ ಕಣ್ಣಿನಾಗ ಮುಗಿಲ ಹೊತ್ತಾಳ

ಅಕ್ಕಿಯೊಳಗ ಹರಳ ಆರಿಸಿದಂಗ ಚುಕ್ಕಿ ಆರಿಸಿ ಇಟ್ಟಾಕಿ
ಹತ್ತು ಸಾವಿರ ಚುಕ್ಕಿಗೊಂದು ನೆಲಿಯ ತೋರಿಸಿ ಕೊಟ್ಟಾಕಿ
ಕುದುರಿ ಮಾರಿ ಕರಿಯ ಮೋಡ ಯಾರ ಕಣ್ಣಿಗೆ ಬಿದ್ದೀತ?
ಕಸಬರಿಗಿಯ ಹಿಡಿದ ಕೈಯೆ ಮೊದಲ ಬೆರಳ ಮಾಡೀತ"

ಹೆಂಗಸರ ಕಡೆ ಕೂತವರಲ್ಲಿ ಮುಕ್ಕಾಲು ಪಾಲು ಯಾರ ಯಾರದೋ ಮನೆಯ ನೆಲ ಒರೆಸಿ, ಕೈ ತೊಳೆದುಕೊಂಡು ಬಂದವರು. ಅವರ ನಡುವೆ ಎಲ್ಲಿಂದಲೋ ಒಂದು "ಗೀಯ" ಎದ್ದಿತು, ಇನ್ನೊಂದು ಸೇರಿತು, ಕೊನೆಗೆ ಪೆಂಡಾಲೇ ಹಾರಿಹೋಗುತ್ತದೆ ಎನ್ನುವಂತಾಯಿತು. ಮೈಸೂರಿನಲ್ಲಿ ಮೆಲ್ಲಗೆ ಮಾತಾಡುವುದನ್ನು ಕಲಿತ ನಾನೂ ಗೀಯ ಎಂದು ಕಿರುಚಿದೆ. ನನಗೆ ಹೆಮ್ಮೆಯಾಯಿತು. ನನ್ನ ಮನೆಯ ತವಾದ ಮೇಲೆ ಹುಟ್ಟಿದ ಪದ ಅದು ಎನ್ನುವ ಜಂಬವೂ ಇತ್ತು, ಯಾಕೆ ಸುಳ್ಳು ಹೇಳಲಿ.

ಆದರೆ ಕಾಶಪ್ಪ ನಗುತ್ತಿದ್ದ. ಎಲ್ಲ ತಣ್ಣಗಾಗುವವರೆಗೆ ಕಾದು ದಪ್ಪು ಎತ್ತಿದ:

"ಚುಕ್ಕಿ ನೋಡಿದಾಕಿ ಖರೆ, ಛಾಪ ಯಾರ ಹೆಸರ?
ಯಜಮಾನನ ಹೆಸರೆ ಬಂತು ಗ್ರಂಥದಾಗ ಪೂರಾ
ಹೆಸರು ಯಾರದಿದ್ದರ ಅವರದೆ ಕೆಲಸ ಲೋಕದಾಗ
ಹೆಸರಿಲ್ಲದ ಹೆಣ್ಣ ತಂದು ಗೆಲ್ಲತೀಯ ಹ್ಯಾಂಗ?"

ಗಂಡಸರು ಸೀಟಿ ಹೊಡೆದರು. ಶರಣಬಸಪ್ಪ ಆಗಲೇ ಆರ್ಕೆಸ್ಟ್ರಾದವರ ಕಡೆ ಕೈ ಮಾಡಿ ತಯಾರಾಗಿ ಎಂದ. ನನ್ನ ಗಂಡ ಅರ್ಧ ಎದ್ದು, "ತಿದ್ದಿದ್ರು, ಆಮೇಲೆ ತಿದ್ದಿದ್ರು" ಎಂದು ಕೂಗಲು ಹೊರಟರು. ಜುಬ್ಬ ಹಿಡಿದು ಕೂರಿಸಿದೆ. ಹೊರಗಿನವರು ಹೇಳಿಕೊಟ್ಟರೆ ಅದೂ ಸೋಲೇ.

ಇಂದ್ರಾಬಾಯಿ ನಿಂತೇ ಇದ್ದಳು, ದಪ್ಪು ಎದೆಗೆ ಒತ್ತಿಕೊಂಡು. ಅವಳು ಕಾಶಪ್ಪನನ್ನೇ ನೋಡುತ್ತ, ಜೋರಾಗಿ ಅಲ್ಲ, ಮನೆಯಲ್ಲಿ ಮಾತಾಡುವಷ್ಟೇ ದನಿಯಲ್ಲಿ ಹಾಡಿದಳು:

"ತಪ್ಪ ಛಾಪ ಬಿದ್ದದ್ದು ಖರೆ, ತಿದ್ದಿಕೊಂಡ್ರು ಮುಂದ
ಮೀನವ್ವನ ಹೆಸರ ಬರೆದ್ರು ಗ್ರಂಥದಾಗ ಚಂದ
ಇವತ್ತು ನೀವು ಮೊದಲಿಗ್ಹಾಡಿದ ಬಸವಣ್ಣನ ಪದ
ಕಟ್ಟಿದಾಕಿ ಯಾರು ಅಣ್ಣಾ, ಹೆಸರು ಯಾರದದ?"

ಸೊಲ್ಲು ಹೇಳುವವರು ಸೊಲ್ಲು ಮರೆತರು. ಮುದುಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ಏನೂ ಅರ್ಥವಾಗಲಿಲ್ಲ. ಪಕ್ಕದಲ್ಲಿದ್ದ ಒಬ್ಬ ಅಜ್ಜಿ ನನ್ನ ಕಿವಿಯಲ್ಲಿ ಹೇಳಿದಳು. ಗೀಗೀಯಲ್ಲಿ ಪದದ ಕೊನೆಯ ಸಾಲಿಗೆ ಕಟ್ಟಿದವರ ಹೆಸರು ಬರುತ್ತದೆ. ಆ ಬಸವಣ್ಣನ ಪದದ ಕೊನೆಯಲ್ಲಿ ಬರುವುದು ಶರಣು ಮಾಸ್ತರ ಎಂದು, ಕಾಶಪ್ಪನ ಸತ್ತುಹೋದ ಗುರುವಿನ ಹೆಸರು. ಆದರೆ ಅದನ್ನು ಕಟ್ಟಿದವಳು ದಾನವ್ವ. ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಹೊತ್ತು ಮೆಟ್ಟಿಲು ಹತ್ತುತ್ತ ಕಟ್ಟಿದ್ದಳು. ಪದ ಚೆನ್ನಾಗಿದೆ ಎಂದು ಗಂಡಸರ ಮೇಳ ಎತ್ತಿಕೊಂಡಿತು. ಗಂಡಸರು ಹಾಡುವ ಪದದಲ್ಲಿ ಹೆಂಗಸಿನ ಹೆಸರು ಹೇಗೆ ಹೇಳುವುದೆಂದು ಗುರುವಿನ ಹೆಸರು ಸೇರಿಸಿದರು. ದಾನವ್ವ ಬದುಕಿರುವಾಗಲೇ ಹಾಗೆ ನಡೆಯಿತು. "ಕಾಶಪ್ಪ ಆವಾಗ ಆಕಿ ಹಿಂದೇ ಬುಟ್ಟಿ ಹೊರ್ತಿದ್ದ. ಆಂವಗ ಗೊತ್ತದ" ಎಂದಳು ಅಜ್ಜಿ.

ಕಾಶಪ್ಪನ ಮುಖದಲ್ಲಿ ನಗು ಇರಲಿಲ್ಲ. ಅವನು ಜಾರಿಕೊಳ್ಳಬಹುದಿತ್ತು. ಸವಾಲು ಸ್ಕಾಟ್‌ಲ್ಯಾಂಡಿನದು, ಬಸವಣ್ಣನ ಪದ ಅಲ್ಲಿಯದಲ್ಲ, ಕಟ್ಟಳೆ ಮುರಿದಳು ಎಂದು ಒಂದು ನುಡಿ ಹಾಡಿದ್ದರೆ ಸಾಕು, ಇಂದ್ರಾಬಾಯಿ ಸೋತ ಹಾಗೆಯೇ. ಹಿಂದಿನಿಂದ ಅವನ ಮೇಳದವನೊಬ್ಬ ಅದನ್ನೇ ಕಿವಿಯಲ್ಲಿ ಊದುತ್ತಿದ್ದ. ಕಾಶಪ್ಪ ಅವನನ್ನು ಮೊಣಕೈಯಿಂದ ಹಿಂದಕ್ಕೆ ತಳ್ಳಿದ.

"ಶರಣಬಸಪ್ಪ, ಆ ಮೈಕ್ ಇಲ್ಲಿ ತಾ" ಎಂದ.

ಮೈಕು ಕೊಟ್ಟರು. ಅವನು ಕಣ್ಣು ಮುಚ್ಚಿ ಮತ್ತೆ ಬಸವಣ್ಣನ ಪದದ ಕೊನೆಯ ನುಡಿಯನ್ನೇ ಎತ್ತಿಕೊಂಡ. "ಕಲಬುರ್ಗಿ ನಾಡ ಶರಣು ಮಾಸ್ತರನ ಪದ ಕೇಳಿರಿ" ಎಂದು ಭಾಂಡುಪ್‌ನ ಮಕ್ಕಳಿಗೂ ಬಾಯಿಪಾಠವಾದ ಸಾಲು ಅದು. ಆ ಜಾಗಕ್ಕೆ ಬಂದಾಗ ಅವನು ಹಾಡಿದ್ದು: "ಕಲಬುರ್ಗಿ ನಾಡ ದಾನವ್ವನ ಪದ ಕೇಳಿರಿ."

ಅಷ್ಟುದ್ದದ ಹೆಸರು ಕೂತಿದ್ದ ಜಾಗಕ್ಕೆ ಆ ಪುಟ್ಟ ಹೆಸರು ಸಾಲುವುದಿಲ್ಲ. ನಡುವೆ ತಾಳ ಖಾಲಿ ಬೀಳುತ್ತದೆ. ತಾಳ ತಪ್ಪಿದವನು ಸೋತವನು, ಅದಕ್ಕೆ ಬೇರೆ ತೀರ್ಪೇ ಬೇಡ. ಇದು ಹಾಡುವ ಮುಂಚೆಯೇ ಕಾಶಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೇ ಹಾಡಿದ.

ತಾಳ ಖಾಲಿ ಬಿದ್ದ ಆ ಕ್ಷಣಕ್ಕೆ ಸರಿಯಾಗಿ ಇಂದ್ರಾಬಾಯಿಯ ಕೈ ತಾಯಿಯ ದಪ್ಪಿನ ಮೇಲೆ ಬಿತ್ತು. ಸಾಲಿನಲ್ಲಿ ಎಷ್ಟು ಕೊರತೆಯಿತ್ತೋ ಅಷ್ಟು ಪೆಟ್ಟು, ಹೆಚ್ಚಿಲ್ಲ, ಕಡಿಮೆ ಇಲ್ಲ. ದಾನವ್ವನ ಹೆಸರಿನ ಹಿಂದೆಯೇ ದಾನವ್ವನ ದಪ್ಪು ನುಡಿದು ಸಾಲು ತುಂಬಿತು.

ಶರಣಬಸಪ್ಪ ಮುಂದೆ ಬಂದು, "ಹಂಗಾದ್ರ ಹರದೇಶಿಯವರ ತಾಳ ತಪ್ಪ್ಯಾದ, ಈ ಸಲ ನಾಗೇಶಿ..." ಎಂದು ಶುರು ಮಾಡಿದ.

"ಎಲ್ಲಿ ತಪ್ಪ್ಯಾದ್ರಿ?" ಎಂದಳು ಇಂದ್ರಾಬಾಯಿ. "ಇಷ್ಟು ಮಂದಿ ಕೂತೀರಿ, ತಾಳ ತಪ್ಪಿದ್ದು ಯಾರಿಗರೆ ಕೇಳಿಸ್ತೇನು?"

ಯಾರಿಗೂ ಕೇಳಿಸಿರಲಿಲ್ಲ. ಗಂಡಸರ ಕಡೆಯವರಿಗೂ ಇಲ್ಲ, ಹೆಂಗಸರ ಕಡೆಯವರಿಗೂ ಇಲ್ಲ. ಆರ್ಕೆಸ್ಟ್ರಾದ ಡ್ರಮ್ಮಿನ ಹುಡುಗನನ್ನು ಶರಣಬಸಪ್ಪ ನೋಡಿದ. ಅವನೂ ತಲೆ ಅಲ್ಲಾಡಿಸಿದ.

"ತಾಳ ತಪ್ಪಿಲ್ಲಂದ ಮ್ಯಾಲ ಯಾರೂ ಸೋತಿಲ್ರಿ. ಬರೂ ವರ್ಷ ಇಬ್ಬರನ್ನೂ ಕರೀರಿ" ಎಂದು ಅವಳು ಕಾಶಪ್ಪನ ಕಡೆ ತಿರುಗಿದಳು. "ಅಣ್ಣಾ, ಇನ್ನೊಮ್ಮಿ ಹಾಡು. ನಮ್ಮವ್ವನ ಹೆಸರು ನಾ ಇನ್ನೊಮ್ಮಿ ಕೇಳ್ಬೇಕು."

ಕಾಶಪ್ಪ ಇನ್ನೊಮ್ಮೆ ಹಾಡಿದ. ಈ ಸಲ ಆ ಹೆಸರನ್ನು ಅವನೊಬ್ಬನೇ ಹೇಳಲಿಲ್ಲ.